ಚಿಕ್ಕ ಗಣಕದ ಯೋಗಕ್ಷೇಮ

ಕೃಷ್ಣೆಯ ಸೀಮೆಯಲ್ಲಿ ಉಗಾರವೆಂಬ ಹೆಸರಿನ ಊರುಗಳು ಎರಡು: ಒಂದು ಬುದ್ರುಕ, ಮತ್ತೊಂದು ಖುರ್ದ. ಪಾರಸಿ ಮೂಲದ ಈ ಶಬ್ದಗಳಲ್ಲಿ ಮೊದಲನೆಯದಕ್ಕೆ ಹಿರಿದೆಂದೂ ಎರಡನೆಯದಕ್ಕೆ ಕಿರಿದೆಂದೂ ಅರ್ಥ. ಆದರೆ ರೈಲು ನಿಲ್ಲುವದು ಖುರ್ದದಲ್ಲಿ. 1939ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಾರಖಾನೆ ಇರುವದೂ ಅಲ್ಲಿಯೇ. ಹೆಸರಿನ ಗಾತ್ರಕ್ಕೂ ವಸ್ತುವಿನ ಯೋಗ್ಯತೆಗೂ ಸಂಬಂಧವಿಲ್ಲವೆಂಬದನ್ನು ಆ ಭಾಗದ ಜನರು ಬಾಲ್ಯದಿಂದಲೇ ಬಲ್ಲರು. ಬುದ್ರುಕದ ಒಬ್ಬ ವೃದ್ಧ ಗೃಹಸ್ಥರು ಒಂದು ಪುಟ್ಟ ಲ್ಯಾಪ್‌ಟಾಪನ್ನು ಹದಿನೈದು ವರ್ಷಗಳ ಕಾಲ ಕಾಪಾಡಿಕೊಂಡು ಬಂದ ಸಂಗತಿಯು ಈ ಅರಿವಿಗೆ ಒಪ್ಪುವಂಥದೇ ಆಗಿದೆ.

ಯೋಗಕ್ಷೇಮವೆಂಬದು ಎಲ್ಲರ ಬಾಯಲ್ಲಿ ಬರುವ ಮಾತು. ಆದರೆ ಅದರೊಳಗೆ ಎರಡು ಬೇರೆ ಬೇರೆ ಅರ್ಥಗಳಿರುವದನ್ನು ಗಮನಿಸುವವರು ವಿರಳ. ಇಲ್ಲದ್ದನ್ನು ಪಡೆಯುವದು ಯೋಗ. ಪಡೆದದ್ದನ್ನು ಉಳಿಸಿಕೊಳ್ಳುವದು ಕ್ಷೇಮ. ಅಂಗಡಿಯಲ್ಲಿ ಹಣ ಕೊಟ್ಟೊಡನೆ ಯೋಗವು ಮುಗಿಯುತ್ತದೆ. ಕ್ಷೇಮವು ಅಂದಿನಿಂದ ಆರಂಭವಾಗುತ್ತದೆ, ಅದಕ್ಕೆ ಮುಕ್ತಾಯವೆಂಬದಿಲ್ಲ.

2007ರಲ್ಲಿ ತೈವಾನಿನ ಆಸುಸ್ ಸಂಸ್ಥೆಯು ಈ ಪಿಸಿ ಎಂಬ ಹೆಸರಿನಿಂದ, ಏಳು ಅಂಗುಲದ ಪರದೆಯುಳ್ಳ, ಒಂದು ಕಿಲೋಗ್ರಾಂಗೂ ಕಡಿಮೆ ತೂಕದ ಗಣಕಯಂತ್ರವನ್ನು ಹೊರಡಿಸಿತು. ತರುವಾಯ ಅನೇಕರು ಅದೇ ಜಾಡನ್ನು ಹಿಡಿದರು. ಆ ಜಾತಿಗೆ ಸೇರಿದ ಒಂದು ಯಂತ್ರವು 2010ರಲ್ಲಿ ಈ ಗೃಹಸ್ಥರ ಮನೆಗೆ ಬಂದಿತು. ಹತ್ತು ಅಂಗುಲದ ಪರದೆ, ಒಂದೂಕಾಲು ಕಿಲೋಗ್ರಾಂ ತೂಕ, 1 ಜಿಬಿ ಸ್ಮೃತಿ, 160 ಜಿಬಿ ತಿರುಗುತಟ್ಟೆ. ಅವರಿಗೆ ಅದು ಬೇಕಾದದ್ದು ಒಂದೇ ಕೆಲಸಕ್ಕಾಗಿ. ತೀರಿಹೋದ ಅವರ ಹೆಂಡತಿಯು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಪದಗಳನ್ನು ಅವರು ಮೂರು ವಹಿಗಳಲ್ಲಿ ಬರೆದಿಟ್ಟಿದ್ದರು. ಅವುಗಳ ಶುದ್ಧಪ್ರತಿಯೊಂದು ಆಗಬೇಕಾಗಿತ್ತು. ಎರಡು ಬೆರಳುಗಳಿಂದ ಒತ್ತುತ್ತ ಒತ್ತುತ್ತ ಅವರು ನೂರಾ ನಾಲ್ವತ್ತು ಪದಗಳನ್ನು ಯಂತ್ರಕ್ಕೆ ಏರಿಸಿದರು.

ನಾಲ್ಕು ವರ್ಷಗಳಲ್ಲಿ ಯಂತ್ರವು ಜಡವಾಯಿತು. ಒಂದು ಕಡತವನ್ನು ತೆರೆಯುವಷ್ಟರಲ್ಲಿ ಚಹವು ಆರಿಹೋಗುತ್ತಿತ್ತು. ಮಕ್ಕಳು ಹೊಸದನ್ನು ಕೊಳ್ಳಲು ಹೇಳಿದರು. ಇವರು ಕಾರಣವನ್ನು ಕೇಳಿದರು. ಗಣಕದ ಸ್ಮೃತಿಯಲ್ಲಿ ಎರಡು ಬಗೆ. ಒಂದು ಸಾಲೆಯ ಹುಡುಗನ ಪಾಟಿಯಿದ್ದಂತೆ: ಲೆಕ್ಕವನ್ನು ಅದರ ಮೇಲೆಯೇ ಮಾಡುವದು, ವಿದ್ಯುತ್ತು ಹೋದೊಡನೆ ಅಳಿಸಿಹೋಗುವದು. ಮತ್ತೊಂದು ವಹಿಯಿದ್ದಂತೆ: ಬರೆದದ್ದು ಉಳಿಯುವದು. ಪಾಟಿಯು ಚಿಕ್ಕದಾದರೆ ಹುಡುಗನು ಮತ್ತೆ ಮತ್ತೆ ಅಳಿಸಿ ವಹಿಗೆ ಕೈಹಾಕಬೇಕಾಗುತ್ತದೆ. ಜಾಡ್ಯಕ್ಕೆ ಮೂಲ ಅದೇ. ತಳದ ಚಿಕ್ಕ ಮುಚ್ಚಳದ ಒಂದು ತಿರುಪನ್ನು ಬಿಚ್ಚಿ, 1 ಜಿಬಿಯ ಪಟ್ಟಿಯನ್ನು ತೆಗೆದು 2 ಜಿಬಿಯದನ್ನು ಕೂಡ್ರಿಸಿದ ಮೇಲೆ ಯಂತ್ರಕ್ಕೆ ಚೈತನ್ಯವು ಮರಳಿತು. ಬಿಚ್ಚಿದರೆ ಕೆಡುವದೆಂಬ ಭಯವೂ ಆ ತಿರುಪಿನ ಸಂಗಡವೇ ಹೋಯಿತು.

ಅಂದಿನಿಂದ ಅದರ ಪಾಲನೆಗೆ ಒಂದು ಕ್ರಮವೇ ಏರ್ಪಟ್ಟಿತು. ಪರದೆಯನ್ನು ಮೂಲೆಯಿಂದ ಎತ್ತದೆ ನಟ್ಟನಡುವೆ ಹಿಡಿದು ಎತ್ತುವದು. ಹಾಸಿಗೆಯ ಮೇಲಿಟ್ಟು ಗಾಳಿಗಂಡಿಯನ್ನು ಮುಚ್ಚದಿರುವದು. ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡದಿರುವದು, ಬಹುದಿನ ತೆಗೆದಿಡುವದಾದರೆ ಅರ್ಧ ತುಂಬಿ ತಂಪಿನಲ್ಲಿಡುವದು. ಕಬ್ಬಿನ ಗಾಡಿಗಳು ಸಾಗುವ ಹಾದಿಯ ಧೂಳು ಆ ಊರಲ್ಲಿ ಯಾರನ್ನೂ ಬಿಟ್ಟದ್ದಿಲ್ಲ. ಆದ್ದರಿಂದ ಪ್ರತಿವರ್ಷ ಖಂಡೇನವಮಿಯ ದಿನ ಉಳಿದ ಆಯುಧಗಳ ಸಾಲಿನಲ್ಲಿ ಈ ಯಂತ್ರವನ್ನೂ ಇಟ್ಟು, ಬ್ಯಾಟರಿಯನ್ನು ಮೊದಲು ಕಳಚಿ, ತಳವನ್ನು ತೆರೆದು, ಒಳಗಿನ ಪಂಖದ ಧೂಳನ್ನು ಮೆತ್ತನೆಯ ಕುಂಚದಿಂದ ಜಾಡಿಸುವರು. ಕುಂಕುಮವು ಮಾತ್ರ ಮುಚ್ಚಳ ಹಾಕಿದ ಮೇಲೆ!

ಇಷ್ಟೆಲ್ಲ ಮಾಡಿಯೂ ಅವರು ಒಂದನ್ನು ಮರೆತಿದ್ದರು. ಪದಗಳ ಎರಡನೆಯ ಪ್ರತಿಯನ್ನು ಬೇರೆಲ್ಲಿಯೂ ಇಟ್ಟಿರಲಿಲ್ಲ. ಕೇಳಿದರೆ, “ವಹಿ ಅದಾವಲ್ಲ” ಎನ್ನುತ್ತಿದ್ದರು.

2019ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ದಡದ ಊರುಗಳಿಗೆ ನುಗ್ಗಿತು. ಮನೆ ಬಿಡಲು ದೊರೆತ ಅವಕಾಶವು ಅತ್ಯಲ್ಪ. ಗೃಹಸ್ಥರು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಟ್ರ್ಯಾಕ್ಟರನ್ನು ಏರಿದರು. ಹಗುರವೆಂಬ ಗುಣದ ಬೆಲೆಯು ಆ ದಿನ ಅವರಿಗೆ ತಿಳಿಯಿತು. ವಹಿಗಳು ಟ್ರಂಕಿನಲ್ಲಿ ಉಳಿದವು. ನೀರು ಇಳಿದ ಮೇಲೆ ಟ್ರಂಕನ್ನು ತೆರೆದರೆ ಒಳಗಿದ್ದದ್ದು ಕೆಸರಿನ ಮುದ್ದೆ. ಶಾಯಿಯು ಎಲ್ಲಿಯೂ ಇರಲಿಲ್ಲ. ನಕಲಾಗಿದ್ದದ್ದು ಒಂದು ರಾತ್ರಿಯಲ್ಲಿ ಮೂಲವಾಯಿತು.

ಆ ಮೂಲವಾದರೂ ದೃಢವಾಗಿತ್ತೇ? ಒಂಬತ್ತು ವರ್ಷ ತಿರುಗಿದ ತಟ್ಟೆಯು ಕೆಲ ತಿಂಗಳಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. 2020ರ ಜನವರಿಯಲ್ಲಿ ಅವರು ಖುರ್ದದಿಂದ ರೈಲು ಹಿಡಿದು ಶೇಡಬಾಳದ ಮೇಲೆ ಮಿರಜಿಗೆ ಹೋದರು. ಮಿರಜವು ಹತ್ತೊಂಬತ್ತನೆಯ ಶತಕದಿಂದ ಸಿತಾರ, ತಂಬೂರಿಗಳ ತಯಾರಿಕೆಗೆ ಹೆಸರಾದ ಊರು. 2024ರಲ್ಲಿ ಅವುಗಳಿಗೆ ಭೌಗೋಳಿಕ ಗುರುತೂ ದೊರೆತಿದೆ. ತಂಬೂರಿಯನ್ನು ಕೊಂಡವನ ಕೆಲಸವು ಕೊಂಡಲ್ಲಿಗೆ ತೀರುವದಿಲ್ಲ. ತಂತಿಯು ಸವೆಸಿದ ಕುದುರೆಯನ್ನು ಕಾಲಕಾಲಕ್ಕೆ ಉಜ್ಜಿ ಜವಾರಿಯನ್ನು ಕೂಡಿಸದಿದ್ದರೆ ನಾದವು ಸತ್ತುಹೋಗುತ್ತದೆ. ಅದೇ ಊರಿನ ಒಬ್ಬ ತರುಣ ದುರಸ್ತಿಗಾರನು ಸದ್ದನ್ನು ಕೇಳಿದೊಡನೆ ಯಂತ್ರವನ್ನು ಆರಿಸಿದನು. “ಅಜ್ಜಾರ, ಇದು ಇನ್ನ ಎಷ್ಟ ದಿನಾ ನಡೀತೈತಿ ಹೇಳಾಕ ಬರೂದಿಲ್ಲ. ಒಳಗ ಇದ್ದದ್ದನ್ನ ಮೊದಲ ತಕ್ಕೊಂಡ ಬಿಡೂಣು” ಎಂದನು. ತಿರುಗುವ ಭಾಗವೇ ಇಲ್ಲದ ಘನಸ್ಥಿತಿಯ ಹೊಸ ಡಿಸ್ಕನ್ನು ಹಾಕಿ, ಹಳೆಯದರಿಂದ ಒಂದೊಂದೇ ಕಡತವನ್ನು ಎತ್ತಿದನು. ನೂರಾ ಇಪ್ಪತ್ತೊಂಬತ್ತು ಬಂದವು. ಹನ್ನೊಂದು ಬರಲಿಲ್ಲ.

ವಿಂಡೋಸ್ 7ಕ್ಕೆ ಅದರ ಕರ್ತರ ಆಸರೆಯು ಅದೇ ತಿಂಗಳ 14ರಂದು ನಿಂತಿತ್ತು. ಆದ್ದರಿಂದ ಹಳೆಯ ಯಂತ್ರಕ್ಕೂ ಭಾರವೆನಿಸದ ಲಿನಕ್ಸನ್ನು ತುಂಬಲಾಯಿತು. ಮನೆಗೆ ಬಂದು ತೆರೆದರೆ ಪದಗಳ ಬದಲು ಕಂಡದ್ದು ಅರ್ಥವಿಲ್ಲದ ರೋಮನ್ ಗೊಜಲು! ಕಾರಣವು ಸರಳವಾದದ್ದು. ಅವರು ಬಳಸಿದ ಹಳೆಯ ನುಡಿ ಲಿಪಿಯಲ್ಲಿ ಕನ್ನಡದ ಅಕ್ಷರವು ಕನ್ನಡವೆಂದು ದಾಖಲಾಗುತ್ತಿರಲಿಲ್ಲ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡ್ರಿಸಿದ್ದರು. ಆ ಲಿಪಿಯಿಲ್ಲದಲ್ಲಿ ವೇಷವು ಕಳಚಿಬೀಳುತ್ತದೆ. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಆದ ಸ್ಥಾನಗಳು ದೊರೆತಿವೆ. ಪರಿವರ್ತಕವೊಂದರಿಂದ ಕಡತಗಳನ್ನು ಆ ರೂಪಕ್ಕೆ ತಂದರೂ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಮುರಿದಿದ್ದವು. ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಅವರು ಅವುಗಳನ್ನು ಸಾಲುಸಾಲಾಗಿ ತಿದ್ದಿದರು. ಕೆ. ಪಿ. ರಾವ್ ಅವರು ಅಣಿಗೊಳಿಸಿದ ಕೀಲಿವಿನ್ಯಾಸವು ಲಿನಕ್ಸಿನಲ್ಲಿಯೂ ಇದ್ದುದರಿಂದ ಬೆರಳುಗಳು ಹೊಸ ಪಾಠವನ್ನು ಕಲಿಯಬೇಕಾಗಲಿಲ್ಲ.

ಹೋದ ಹನ್ನೊಂದರ ಮೊದಲ ನುಡಿಗಳು ಅವರಿಗೆ ನೆನಪಿದ್ದವು. ಹೆಂಡತಿಯ ಸಂಗಡ ಬೀಸಲು ಕೂಡ್ರುತ್ತಿದ್ದ ನೆರೆಮನೆಯ ಮುದುಕಿಯೊಬ್ಬಳ ಮುಂದೆ ಅವುಗಳನ್ನು ನುಡಿದರು. ಬರಿಯ ಬಾಯಿಂದ ಆಕೆಗೆ ಒಂದೂ ಬರಲಿಲ್ಲ. ಬೀಸುಕಲ್ಲನ್ನು ತಂದಿಟ್ಟು ಗೂಟವನ್ನು ಕೈಗೆ ಕೊಟ್ಟಾಗ ಎಂಟು ಬಂದವು. ಅವಳ ಸ್ಮೃತಿಯು ಕೈಯಲ್ಲಿತ್ತು.

ಮೊಮ್ಮಗಳು ಬೆಳಗಾವಿಯಲ್ಲಿ ಓದುತ್ತಾಳೆ. ಕಳೆದ ದೀಪಾವಳಿಗೆ ಬಂದವಳು, “ಅಜ್ಜಾ, ಹೊಸಾದ ತಗೊಳ್ಳೂಣು; ಇದಕಿಂತಾ ಹಗರ ಅದಾವ” ಎಂದಳು. ಅಜ್ಜನು ಕೇಳಿದ್ದು ಒಂದೇ ಮಾತು: “ಅದರ ಮುಚ್ಚಳಾ ತಗ್ಯಾಕ ಬರತೈತೇನವಾ?” ಪ್ರಶ್ನೆಯು ಮುದುಕರ ಹಟವೆಂದು ತೋರಬಹುದು. ಆದರೆ ಈಗಿನ ಅನೇಕ ತೆಳು ಯಂತ್ರಗಳಲ್ಲಿ ಸ್ಮೃತಿಯನ್ನು ಹಲಗೆಗೇ ಬೆಸೆದು, ಬ್ಯಾಟರಿಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಇದನ್ನು ಮನಗಂಡೇ ಫ್ರಾನ್ಸ ದೇಶವು 2021ರಿಂದ ಲ್ಯಾಪ್‌ಟಾಪುಗಳ ಮೇಲೆ, ದುರಸ್ತಿಗೆ ಅವು ಎಷ್ಟು ಸುಲಭವೆಂಬದನ್ನು ಹತ್ತಕ್ಕೆ ಇಷ್ಟೆಂದು ಬರೆಯತಕ್ಕದ್ದೆಂದು ವಿಧಿಸಿತು. ತೆರೆಯಲು ಬಾರದ ವಸ್ತುವಿನಲ್ಲಿ ಯೋಗವುಂಟು. ಕ್ಷೇಮವು ಮಾತ್ರ ಪರರ ಕೈಯಲ್ಲಿ.

ಮೊಮ್ಮಗಳು ತನಗಾಗಿ ಹೊಸದನ್ನು ಕೊಂಡಳು. ಅದರಲ್ಲೊಂದು, ಬೆರಳುದ್ದದ ಪೆನ್ ಡ್ರೈವಿನಲ್ಲೊಂದು, ಹೀಗೆ ಪದಗಳಿಗೆ ಈಗ ಮೂರು ಮನೆಗಳು. ಪ್ರತಿ ಅಮಾವಾಸ್ಯೆಗೆ ಗೃಹಸ್ಥರು ಅವುಗಳನ್ನು ತೆರೆದು ಎಣಿಸುವರು. ನೂರಾ ಮೂವತ್ತೇಳು ತುಂಬಿದ ಕಡತಗಳು, ಮೂರು ಬರಿದಾದವು. ಆ ಮೂರರಲ್ಲಿ ಮೊದಲ ನುಡಿಯ ಹೊರತು ಏನೂ ಇಲ್ಲ. ಅವುಗಳನ್ನು ಅಳಿಸಲು ಅವರು ಒಪ್ಪಿಲ್ಲ.