ಮೂಗು ಹಿಡ್ಕೊಂಡು ಕೂತ್ರೂ ಅವಲಕ್ಕಿ ಸರ

ನಮ್ಮಪ್ಪ ಹೊಳಲ್ಕೆರೆ ಕಡೆಯೋರು. ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮಿಗಳ ಹತ್ರ ಯೋಗ ಕಲ್ತು ಬಂದಿದ್ರು. ನಾವು ಹುಡುಗ್ರಿದ್ದಾಗ ಕೋಳಿ ಕೂಗೋ ಹೊತ್ತಿಗೇ ಎಬ್ಬಿಸಿ ಸೂರ್ಯ ನಮಸ್ಕಾರ ಮಾಡಿಸೋರು. ಬೆನ್ನು ನೆಟ್ಟಗಿರ್ಲಿ, ಮನಸ್ಸೂ ನೆಟ್ಟಗಿರ್ಲಿ ಅನ್ನೋರು. ನಾನು ಬೆನ್ನಿನ ಪಾಠ ಒಂದೇ ಕಲ್ತೆ.

ಹಿರಿಯೂರಿಗೆ ಲಗ್ನ ಆಗಿ ಬಂದ್ಮೇಲೂ ಬಿಡ್ಲಿಲ್ಲ. ಮಂಡಿನೋವಿಲ್ಲ, ಶುಗರ್ ಇಲ್ಲ ಅಂತ ನಂಗೆ ಜಂಬ ಬೇರೆ. ನಿಮ್ಮಲ್ಲೂ ಎಷ್ಟು ಜನಕ್ಕೆ ಮೂಗು ಹಿಡ್ಕೊಂಡು ಉಸಿರು ಬಿಡೋದು ಹೇಳ್ಕೊಟ್ಟಿಲ್ಲ ನಾನು! ಆದ್ರೆ ಒಂದು ವಿಷಯ ಯಾರಿಗೂ ಹೇಳಿರ್ಲಿಲ್ಲ. ನಾನು ಕಣ್ಮುಚ್ಚಿ ಕೂತ್ರೆ ಮೊದ್ಲು ಬರ್ತಿದ್ದಿದ್ದು ದೇವ್ರಲ್ಲ, ನಮ್ಮತ್ತೆ ಅವಲಕ್ಕಿ ಸರ.

ಅತ್ತೆ ಹಾಸಿಗೆ ಹಿಡಿದ ಎರಡು ವರ್ಷ ನೋಡ್ಕೊಂಡಿದ್ದು ನಾನು. ಸರ ಹೋಗಿದ್ದು ದೊಡ್ಡ ಸೊಸೆ ಅಂತ ನಮ್ಮ ಓರಗಿತ್ತಿಗೆ. ಅಕ್ಕ ಅಕ್ಕ ಅಂತ ಹಿಂದೆ ಹಿಂದೆ ತಿರುಗ್ತಿದ್ದೋಳು ಅವತ್ತಿಂದ ಮಾತು ಬಿಟ್ಟೆ. ಒಂಬತ್ತು ವರ್ಷ.

2022ರಾಗೆ ಮಾರಿಕಣಿವೆ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದ್ಲು, ಊರಿಗೂರೇ ನೋಡೋಕೆ ಹೋಗಿತ್ತು. ಅಲ್ಲಿ ಅಕ್ಕ ಸಿಕ್ಕಿದ್ರು. ನನ್ನ ಕಡೆ ಎರಡು ಹೆಜ್ಜೆ ಬಂದ್ರು. ನಾನು ನೀರು ನೋಡೋಳ ಹಂಗೆ ಮುಖ ತಿರುಗಿಸ್ದೆ. ಎಂಬತ್ತೊಂಬತ್ತು ವರ್ಷದ ಮೇಲೆ ಡ್ಯಾಮೇ ತುಂಬಿ ಹರೀತು, ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಮಾರನೇ ದಿನ ಪ್ರಾಣಾಯಾಮಕ್ಕೆ ಕೂತ್ರೆ ಉಸಿರೇ ನಿಲ್ಲಲೊಲ್ದು.

ಅವಾಗ ಅಪ್ಪನ ಹಳೇ ಯೋಗದ ಪುಸ್ತಕ ತೆಗೆದೆ. ಪತಂಜಲಿ ಹೇಳೋ ಎಂಟು ಅಂಗದಾಗೆ ಆಸನ ಮೂರನೇದು. ಅದಕ್ಕೂ ಮೊದ್ಲು ಯಮ, ನಿಯಮ. ಯೋಗಸೂತ್ರದಾಗೆ ಇರೋದು ಸುಮಾರು 196 ಸೂತ್ರ, ಆಸನದ ಬಗ್ಗೆ ಮೂರೇ ಮೂರು! ಉಳಿದಿದ್ದು ಬಹುಪಾಲು ಮನಸ್ಸಿನ ಪಂಚಾಯ್ತಿ. ಮನಸ್ಸನ್ನ ಕಾಡೋ ಕ್ಲೇಶ ಐದು ಅಂತಾರೆ, ಅದ್ರಾಗೆ ದ್ವೇಷನೂ ಒಂದು. ಹಳೇ ನೋವಿನ ಬಾಲ ಹಿಡ್ಕೊಂಡೇ ಅದು ಬರೋದಂತೆ. ಅಸ್ಮಿತೆ ಅಂತ ಇನ್ನೊಂದು, ನಾನು ನಾನು ಅನ್ನೋದು. ಅಪರಿಗ್ರಹ ಅಂದ್ರೆ ಜಾಸ್ತಿ ಸೀರೆ ಇಟ್ಕೋಬಾರ್ದು ಅಂತ ತಿಳ್ಕೊಂಡಿದ್ದೆ ನೋಡ್ರಿ ನಾನು.

ಸುಮಾರು ದಿನ ಅದನ್ನೇ ಯೋಚಿಸ್ದೆ. ನಂಗೆ ಸರ ಬೇಕಾಗಿತ್ತಾ? ನನ್ಹತ್ರ ಇರೋ ಚಿನ್ನವೇ ಬೀರು ಬಿಟ್ಟು ಈಚೆಗೆ ಬರಲ್ಲ. ನಂಗೆ ಬೇಕಾಗಿದ್ದು, ಅತ್ತೇನ ನೋಡ್ಕೊಂಡಿದ್ದು ಇವ್ಳೇ ಅಂತ ನಾಲ್ಕು ಜನ ಹೇಳೋದು. ಸೇವೆ ಮಾಡಿ ಅದಕ್ಕೆ ಬಿಲ್ಲು ಬರ್ದಿಟ್ಕೊಂಡಿದ್ದೆ. ಇದು ಗೊತ್ತಾದಾಗ ನಾಚಿಕೆ ಆಯ್ತು ಕಣ್ರಮ್ಮ, ಸುಳ್ಳು ಯಾಕೆ ಹೇಳ್ಲಿ. ಮಲ್ಲಾಡಿಹಳ್ಳಿ ಸ್ವಾಮಿಗಳು 1943ರಾಗೆ ಅನಾಥ ಸೇವಾಶ್ರಮ ಕಟ್ಟಿದೋರು, ಜೋಳಿಗೆ ಹಿಡಿದು ಬೇಡಿ ಬೇಡಿ ಮಕ್ಕಳಿಗೆ ಶಾಲೆ ಮಾಡಿದೋರು. ಪುಸ್ತಕ ಬರೆಯೋವಾಗ ಇಟ್ಕೊಂಡ ಹೆಸ್ರು ‘ತಿರುಕ’. ಭಿಕ್ಷುಕ ಅಂತ! ಅಂಥೋರ ಹತ್ರ ಕಲ್ತೋರ ಮಗಳು ನಾನು.

ಆ ದೀಪಾವಳಿಗೆ ಒಬ್ಳೇ ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದ್ರು, ಕತ್ತಿನಾಗೆ ಅದೇ ಸರ. ಹೊಟ್ಟೆ ಚುರುಕ್ ಅಂತು. "ಬಾರಮ್ಮ, ನಿಂತೇ ಇದ್ದೀಯಲ್ಲ" ಅಂದ್ರು. ಕಾಫಿ ಕುಡಿದ್ವಿ. ಸರದ ಮಾತು ನಾನೂ ಎತ್ಲಿಲ್ಲ, ಅವ್ರೂ ಎತ್ಲಿಲ್ಲ. ತೆಂಗಿಗೆ ಬಂದ ನುಸಿ, ಅವ್ರ ಮಗಳ ಬಾಣಂತನ, ಇಂಥವೇ ಮಾತಾಡಿ ಎದ್ದು ಬಂದೆ.

ಸರ ಈಗ್ಲೂ ಬರುತ್ತೆ, ನಿನ್ನೆನೂ ಬಂತು. ಬಂತಲ್ಲ ಅಂತ ಗೊತ್ತಾಗುತ್ತೆ ಈಗ, ಮೊದ್ಲು ಅದ್ರ ಹಿಂದೇನೇ ಅರ್ಧ ಗಂಟೆ ಹೋಗ್ತಿದ್ದೆ. ಭಾನುವಾರ ಅಕ್ಕನೇ ಬರ್ತೀನಿ ಅಂದವ್ರೆ. ಅವ್ರಿಗೆ ಹುರಳಿಕಾಳು ಬಸ್ಸಾರು ಅಂದ್ರೆ ಇಷ್ಟ, ರಾತ್ರಿನೇ ಕಾಳು ನೆನೆಹಾಕ್ಬೇಕು.