ಜಾರ್ಜ್ ಸಾಹೇಬರಿಗೆ, ಮುಂಬಯಿಯಿಂದ

ಮಾನ್ಯ ಜಾರ್ಜ್ ಫರ್ನಾಂಡಿಸ್ ಸಾಹೇಬರೇ,

2019ರ ಜನವರಿ 29ರಂದು ದೆಹಲಿಯಲ್ಲಿ ನೀವು ತೀರಿಕೊಂಡಾಗ ಪತ್ರಿಕೆಗಳೆಲ್ಲ ಮಾಜಿ ರಕ್ಷಣಾ ಸಚಿವರ ಬಗ್ಗೆ ಬರೆದವು. 1974ರ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿ, ಕೈಕೋಳದ ಆ ಫೋಟೊ, ಕಾರ್ಗಿಲ್ ಎಲ್ಲವೂ ಬಂತು. 1961ರಿಂದ 1968ರವರೆಗೆ ನೀವು ಮುಂಬಯಿ ಮಹಾನಗರ ಪಾಲಿಕೆಯ ಸದಸ್ಯರಾಗಿದ್ದಿರಿ ಎನ್ನುವುದು ಒಂದೇ ಸಾಲಿನಲ್ಲಿ ಮುಗಿದುಹೋಯಿತು. ಆ ಸಾಲಿನ ಬಗ್ಗೆಯೇ ನನಗೆ ನಿಮ್ಮೊಡನೆ ಮಾತಾಡಬೇಕಿದೆ.

ಇಲ್ಲಿನ ನಮ್ಮ ಕರಾವಳಿಯವರು ನಿಮ್ಮನ್ನು ನೆನೆಯುವುದು ಕೊಂಕಣ ರೈಲಿಗಾಗಿ. ನೆನೆಯಬೇಕಾದದ್ದೇ. ನೀವು ರೈಲ್ವೆ ಮಂತ್ರಿಯಾಗಿದ್ದ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು, 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರಿನವರೆಗಿನ ಹಳಿ ಪೂರ್ತಿಯಾಯಿತು. ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಮೈಕೈ ನುಜ್ಜಾಗುವುದು ಎಂದಿದ್ದ ಕಾಲ ಹೋಗಿ, ಮತ್ಸ್ಯಗಂಧ ರೈಲಿನಲ್ಲಿ ಮಲಗಿ ಎದ್ದರೆ ಉಡುಪಿ ಎನ್ನುವ ಕಾಲ ಬಂತು. ಆದರೆ ಅದು ಊರಿಗೆ ಮರಳುವ ದಾರಿ. ಈ ಶಹರದಲ್ಲಿ ಇದ್ದುಕೊಂಡೇ ಬಾಳುವ ದಾರಿಯನ್ನೂ ನೀವು ತೋರಿಸಿದ್ದಿರಿ. ಅದನ್ನು ನಾವು ಮರೆತಿದ್ದೇವೆ.

ಬೆಂಗಳೂರಿನ ಸೆಮಿನರಿಯಲ್ಲಿ ಗುರುಗಳಿಗೊಂದು ಊಟ, ಹುಡುಗರಿಗೊಂದು ಊಟ ಎಂಬ ಭೇದ ಕಂಡು ಮನಸ್ಸು ಮುರಿದು ಹೊರಬಿದ್ದವರು ನೀವು. 1949ರಲ್ಲಿ ಇಲ್ಲಿಗೆ ಬಂದಾಗ ಚೌಪಾಟಿಯ ಬೆಂಚೇ ನಿಮ್ಮ ಹಾಸಿಗೆ. ನಡುರಾತ್ರಿ ಪೊಲೀಸ್ ಬಂದು ಎಬ್ಬಿಸುತ್ತಿದ್ದುದನ್ನು ನೀವೇ ಹೇಳಿಕೊಂಡಿದ್ದೀರಿ. ಕರಾವಳಿಯಿಂದ ಬಂದ ಹೆಚ್ಚಿನವರ ಮೊದಲ ಅಧ್ಯಾಯ ಹೀಗೆಯೇ. ನನ್ನ ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ಬಂದು ಎರಡು ಮೇಜು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದರು. ಮೆಟ್ರಿಕ್ ಆಯಿತು, ಗುಮಾಸ್ತೆ ಕೆಲಸ ಸಿಕ್ಕಿತು, ಚಾಳಿನಲ್ಲೊಂದು ಖೋಲಿ ಸಿಕ್ಕಿತು. ಆಮೇಲೆ ನಮ್ಮವರು ನಮ್ಮವರನ್ನೇ ಹುಡುಕಿಕೊಂಡರು.

ನೀವು ಹೋದದ್ದು ಬಂದರಿನ ಕೂಲಿಗಳ ಹತ್ತಿರ. ಕೈಹಿಡಿದವರು ಪಿ. ಡಿಮೆಲ್ಲೊ, ಅವರೂ ನಮ್ಮ ಕಡೆಯವರೇ. ಬಂದರಿನ ಪಕ್ಕದಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಇದೆ. 1958ರಲ್ಲಿ ಅವರು ತೀರಿಕೊಂಡರು. ಆಮೇಲೆ ಪಾಲಿಕೆಯ ಜಾಡಮಾಲಿಗಳು, ಟ್ಯಾಕ್ಸಿಯವರು, ಹೋಟೆಲಿನ ಹುಡುಗರು ಎಲ್ಲರೂ ನಿಮ್ಮ ಬೆನ್ನಿಗೆ ನಿಂತರು. ಅಪ್ಪ ನಿಮ್ಮ ಗೇಟ್ ಮೀಟಿಂಗೊಂದನ್ನು ನೋಡಿದ್ದರು. ಕಸ ಗುಡಿಸುವವರೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದವರು ಹಿಂದೆ ನಿಂತ ಹೋಟೆಲ್ ಹುಡುಗರನ್ನು ಕಂಡು ತುಳುವಿಗೆ ಹೊರಳಿದಿರಂತೆ. ಟ್ಯಾಕ್ಸಿಯವನೊಬ್ಬ ನಡುವೆ ಏನೋ ಕೇಳಿದಾಗ ಉತ್ತರ ಹಿಂದಿಯಲ್ಲಿ. ಮೈಮೇಲೆ ಇಸ್ತ್ರಿಯಿಲ್ಲದ ಕುರ್ತಾ. ಸಾಹೇಬರೆಂದು ಕರೆಸಿಕೊಂಡವರು ಹಾಗಿರುವುದು ಅಪ್ಪನಿಗೆ ಕೊನೆಯವರೆಗೂ ಅಚ್ಚರಿಯ ವಿಷಯ.

ನಿಮ್ಮ ಬಂದ್‌ಗಳಿಂದ ದಿನಗೂಲಿ ಕಳೆದುಕೊಂಡವರೂ ಇದ್ದರು, ಅದನ್ನು ಮುಚ್ಚಿಡಲಾರೆ. ನಿಮ್ಮ ಕೊನೆಯ ದಶಕಗಳ ರಾಜಕೀಯದ ಬಗ್ಗೆಯೂ ನನಗೆ ತಕರಾರುಗಳಿವೆ. ಆದರೆ 1967ರ ಲೋಕಸಭಾ ಚುನಾವಣೆ ಇದೆಯಲ್ಲ, ಅದನ್ನು ಮಾತ್ರ ಮರೆಯಲಾಗದು. ಅದರ ಹಿಂದಿನ ವರ್ಷವಷ್ಟೇ ಶಿವಸೇನೆ ಹುಟ್ಟಿತ್ತು. ದಕ್ಷಿಣದವರು ಬಂದು ಕೆಲಸ ಕಸಿಯುತ್ತಿದ್ದಾರೆ ಎಂಬ ಕೂಗು ಜೋರಾಗುತ್ತಿತ್ತು, ಮುಂದೆ ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳೂ ಬಿದ್ದವು. ಅಂಥ ಹೊತ್ತಿನಲ್ಲಿ ಮಂಗಳೂರಿನ ಒಬ್ಬ ಕ್ರೈಸ್ತ, ಈ ಶಹರದ ಮೇಯರ್ ಆಗಿ ಮೆರೆದ, ಕೇಂದ್ರದ ಮಂತ್ರಿಯೂ ಆಗಿದ್ದ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ. ನೀವು ಹೊರಗಿನವರೋ ಒಳಗಿನವರೋ ಎಂದು ಆ ಮತದಾರರು ಲೆಕ್ಕ ಹಾಕಲಿಲ್ಲ. ಜಾಡಮಾಲಿಗಳ ಹಾಜರಿ ಚೌಕಿಯಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನೀವು ಅವರ ಜತೆ ನಿಂತದ್ದು ಅವರಿಗೆ ಗೊತ್ತಿತ್ತು. ಟ್ಯಾಕ್ಸಿಯವರಿಗೆ ಸಾಲ ಸಿಗಲೆಂದು 1968ರಲ್ಲಿ ಸಹಕಾರಿ ಬ್ಯಾಂಕನ್ನೇ ಕಟ್ಟಿದಿರಿ. ದಿನಬಾಡಿಗೆಗೆ ಗಾಡಿ ಓಡಿಸುವವನು ಸ್ವಂತ ಗಾಡಿಯ ಕನಸು ಕಾಣುವುದಕ್ಕೆ ಅದು ಬೇಕಿತ್ತು.

ಈಗ ನಮ್ಮ ಸಂಗತಿ ಹೇಳುತ್ತೇನೆ. ಸಂಘಗಳಿವೆ, ಸಭಾಭವನಗಳಿವೆ, ಯಕ್ಷಗಾನಕ್ಕೆ ಜನ ತುಂಬುತ್ತಾರೆ. ಇವೆಲ್ಲ ಇರಬೇಕು, ನಾನೂ ಅಲ್ಲಿ ಕುರ್ಚಿ ಜೋಡಿಸಿದವನೇ. ಆದರೆ 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದು, ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಎಲ್ಲವನ್ನೂ ನಡೆಸಿದಾಗ, ನಾನು ಕೂತ ನಮ್ಮವರ ಯಾವ ಸಭೆಯಲ್ಲೂ ಆ ಮಾತು ಏಳಲಿಲ್ಲ. ನೀವು ಏಳು ವರ್ಷ ಕೂತು ಜಗಳವಾಡಿದ ಸಭಾಗೃಹ ಖಾಲಿ ಬಿದ್ದಿತ್ತು. ನಮ್ಮ ನಳದ ನೀರಿಗೆ, ನಮ್ಮ ಗಲ್ಲಿಯ ದೀಪಕ್ಕೆ ಯಾರನ್ನು ಕೇಳಬೇಕೆಂದು ತಿಳಿಯದೆ ನಾವು ಸುಮ್ಮನಿದ್ದೆವು.

ಇನ್ನೂ ನೋವಿನ ಮಾತೊಂದಿದೆ. ಉತ್ತರ ಪ್ರದೇಶ, ಬಿಹಾರದಿಂದ ಬಂದ ಹುಡುಗರ ಬಗ್ಗೆ ನಮ್ಮವರ ಬಾಯಲ್ಲಿ ಬರುವ ಮಾತು, ಅಂದು ನಮ್ಮ ಬಗ್ಗೆ ಆಡಿದ ಮಾತೇ. ಊರಿಗೆ ಹೋದರೆ ಮಂಗಳೂರಿನ ಮೀನುಗಾರಿಕೆ ಧಕ್ಕೆಯಲ್ಲೂ ಅದೇ. ಬೋಟಿನಲ್ಲಿ ದುಡಿಯುವ ಒಡಿಶಾದವನಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುವವರ ಮನೆಯಲ್ಲೂ ಮುಂಬಯಿಗೆ ಹೋಗಿ ದುಡಿದ ಅಜ್ಜನೊಬ್ಬನಿರುತ್ತಾನೆ.

ಹಾಗೆಂದು ಸುಮ್ಮನೆ ಕೂತಿಲ್ಲ. ಇಲ್ಲಿ ನಮ್ಮ ಸ್ಟೇಷನ್ನಿನ ಹೊರಗೆ ಪಾರ್ಸೆಲ್ ಮುಟ್ಟಿಸುವ ಹುಡುಗರು ಇಡೀ ದಿನ ಬೈಕಿನ ಮೇಲಿರುತ್ತಾರೆ. ಅವರಿಗೆ ಹತ್ತಿರದಲ್ಲಿ ಬಳಸಲು ಒಂದು ಶೌಚಾಲಯವಿಲ್ಲ, ಇದ್ದದ್ದಕ್ಕೆ ಬೀಗ. ಅದನ್ನು ತೆರೆಸಬೇಕೆಂದು ಅರ್ಜಿ ಬರೆದಿದ್ದೇವೆ. ಆ ಹುಡುಗರು, ಒಬ್ಬರು ರಿಕ್ಷಾದವರು, ಹೂ ಮಾರುವ ಮಾವಶಿ ಸಹಿ ಹಾಕಿದ್ದಾರೆ. ಬರುವ ಸೋಮವಾರ ವಾರ್ಡ್ ಆಫೀಸಿಗೆ ಹೋಗುತ್ತೇವೆ. ಸಹಿಗಳಲ್ಲಿ ಕನ್ನಡದ ಹೆಸರು ಸದ್ಯಕ್ಕೆ ನನ್ನದೊಂದೇ. ಭಾನುವಾರ ಸಂಘದಲ್ಲಿ ತಾಳಮದ್ದಳೆ ಇದೆ, ಅರ್ಜಿಯನ್ನು ಅಲ್ಲಿಗೂ ತೆಗೆದುಕೊಂಡು ಹೋಗುತ್ತೇನೆ.

ಇಂತಿ ನಿಮ್ಮ,
ಮುಂಬಯಿಯ ಒಬ್ಬ ಕನ್ನಡಿಗ