ಕಾಣದ ಪದರು

ಅಮೆರಿಕಾ ದೇಶದ ಮನೆಗಳ ಒಳಗೋಡೆಗಳು ಬಹುಮಟ್ಟಿಗೆ ಇಟ್ಟಿಗೆಯವಲ್ಲ. ಮರದ ಚೌಕಟ್ಟಿಗೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆಗಳನ್ನು ಬಿಗಿದು ಮಾಡಿದವು. ಇಂತಹ ಹಲಗೆಗಳ ಮೂಲರೂಪಕ್ಕೆ 1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತನು ಪೇಟೆಂಟು ಪಡೆದನು. ಹಲಗೆ ಹಗುರ, ಕೆಲಸ ಸುಲಭ. ನೀರು ಮಾತ್ರ ಅದಕ್ಕೆ ವೈರಿ.

ಅಲ್ಲಿಯ ಗೃಹಸ್ಥನೊಬ್ಬನು ತನ್ನ ಬಚ್ಚಲುಮನೆಯನ್ನು ತಾನೇ ಹೊಸದಾಗಿಸಲು ತೊಡಗಿದನು. ಹಳೆಯ ಟೈಲುಗಳನ್ನು ಕಿತ್ತು ನೋಡಿದರೆ, ಹಿಂದಿನ ಹಲಗೆಯು ನೆನೆದು ಹಿಟ್ಟಾಗಿದ್ದಿತು, ಮರವೂ ಕೊಳೆತಿದ್ದಿತು. ಟೈಲುಗಳ ಸಂದಿನಲ್ಲಿ ನೀರು ಒಳಗಿಳಿಯುವುದುಂಟು. ಅದನ್ನು ತಡೆಯತಕ್ಕುದು ಹಿಂದೆ ಬಳಿಯುವ ಜಲನಿರೋಧಕ ಪದರು. ಅದೇ ಅಲ್ಲಿರಲಿಲ್ಲ.

ಅವನು ನೀರು ಬೀಳುವೆಡೆಯಲ್ಲಿ ಸಿಮೆಂಟಿನ ಹಲಗೆಯನ್ನು ಕೂರಿಸಿದನು. ಉಳಿದೆಡೆ ಜಿಪ್ಸಮ್ ಹಲಗೆಗಳ ಸಂದುಗಳಿಗೆ ಕಾಗದದ ಪಟ್ಟಿಯನ್ನು ಅಂಟಿಸಿ, ಮೂರು ಸಲ ಲೇಪವನ್ನು ಹಚ್ಚಿ, ಪ್ರತಿಸಲವೂ ಒಣಗುವವರೆಗೆ ಕಾದು, ಉಪ್ಪುಕಾಗದದಿಂದ ನಯಗೊಳಿಸಿದನು. ಆತುರಗಾರನಿಗೆ ಒಗ್ಗುವ ಕೆಲಸವಲ್ಲ ಅದು.

ಟೈಲಿನ ಮೂರನೆಯ ಸಾಲು ಮುಗಿದಾಗ, ಒಂದು ಮೂಲೆಯಲ್ಲಿ ಪದರನ್ನು ಬಳಿಯಲು ಮರೆತುದು ನೆನಪಾಯಿತು. ಮುಚ್ಚಿಬಿಟ್ಟರೆ ಕಾಣುವವರಾರು? ಮಕ್ಕಳು ಮೂರು ವಾರಗಳಿಂದ ನೆರೆಮನೆಯಲ್ಲಿ ಸ್ನಾನಮಾಡುತ್ತಿದ್ದರು. ಕರಣೆ ಹಿಡಿದು ಬಹಳ ಹೊತ್ತು ನಿಂತನು. ಹಿಂದೆ ಟೈಲು ಹಾಕಿದವನೂ ಹೀಗೆಯೇ ನಿಂತಿದ್ದಿರಬಹುದೆಂದು ತೋರಿತು. ಗಾರೆಯು ಇನ್ನೂ ಹಸಿಯಾಗಿದ್ದಿತು. ಟೈಲುಗಳನ್ನು ಒಂದೊಂದಾಗಿ ಬಿಡಿಸಿ, ತೊಳೆದಿಟ್ಟು, ಮೊದಲಿನಿಂದ ಆರಂಭಿಸಿದನು.

ಮನೆಗೆ ಬಂದವರು ಈಗ ಟೈಲಿನ ಹೊಳಪನ್ನು ಹೊಗಳುವರು. ಆ ಮೂಲೆಯ ಮಾತನ್ನು ಅವನು ಎತ್ತುವುದಿಲ್ಲ.